ಜನವರಿಯ ಬಟಾಣಿ

"ಐಸ್ ಕರಗ್ತಾ ಇದೆ, ಇನ್ನೆರಡು ಗಡ್ಡೆ ತರಿಸ್ಬೇಕು," ಎನ್ನುತ್ತ ಅಹಲ್ಯಾ ನೆಲದ ನೀರನ್ನು ಹಳೆಯ ಬೆಡ್‌ಶೀಟಿನಿಂದ ಒತ್ತಿ ಬಕೆಟ್ಟಿಗೆ ಹಿಂಡಿದರು. ಎದುರು ಫ್ಲ್ಯಾಟಿನವರು, ಅರವತ್ತು ದಾಟಿದವರು. ಬೆಳಗಿನಿಂದ ಇದು ಮೂರನೆಯ ಬಕೆಟ್ಟು.

ಹಾಲಿನ ನಡುವೆ ದಕ್ಷಿಣಾಮೂರ್ತಿಯನ್ನು ಮಂಜುಗಡ್ಡೆಗಳ ಮೇಲೆ ಮಲಗಿಸಿದ್ದರು. ಶನಿವಾರ ಸಂಜೆ ದಿಲ್ಲಿಯ ದ್ವಾರಕಾದ ಮೆಟ್ರೋ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ವಯಸ್ಸು ನಲವತ್ತೂ ಆಗಿರಲಿಲ್ಲ. ತಮ್ಮ ಹನುಮಂತ ಬೆಂಗಳೂರಿನಿಂದ ಹೊರಟಿದ್ದ. ವಿಮಾನ ಇಳಿಯುವುದು ಹನ್ನೊಂದಕ್ಕೆ. ಹೊರಗೆ ಮೇ ತಿಂಗಳ ಬಿಸಿಲು.

ದಕ್ಷಿಣಾಮೂರ್ತಿಯ ಹೆಂಡತಿ ವೈಜಯಂತಿ ಗೋಡೆಗೆ ಒರಗಿ ಕುಳಿತಿದ್ದಳು. ಅವನ ಕಿವಿಯ ಹಿಂದೆ ಒಂದು ಹನಿ ಇಳಿಯುತ್ತಿತ್ತು. ಒರೆಸಬೇಕು ಅನ್ನಿಸಿತು. ಏಳಲಿಲ್ಲ.

"ಯಾರ ಮನೆಗೆ ಊಟಕ್ಕೆ ಕರೆದ್ರೂ ಬರ್ತಿದ್ದ. ಸಲಾಡ್ ಮಾತ್ರ ಮುಟ್ತಿರಲಿಲ್ಲ," ಎಂದರು ಅಹಲ್ಯಾರ ಗಂಡ ಮರಿಯಪ್ಪ, ಪಕ್ಕದಲ್ಲಿ ಕುಳಿತವರಿಗೆ. "ಒಂದ್ಸಲ ಕೇಳ್ದೆ, ನೀನು ದಿನಾ ವಿಷ ಹುಡುಕೋನು, ಯಾವ ತರಕಾರಿ ತಿನ್ಬೇಕು ಹೇಳಪ್ಪಾ ಅಂತ. 'ತೊಳೆದಿದ್ದು' ಅಂದ!"

ಯಾರೋ ನಕ್ಕು, ನಗೆಯನ್ನು ಕೆಮ್ಮಾಗಿಸಿದರು.

"ಸುಮ್ನಿರ್ರೀ," ಎಂದು ಅಹಲ್ಯಾ ಗದರಿದರು.

ಮಾನೇಸರಿನ ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ದಕ್ಷಿಣಾಮೂರ್ತಿಯ ಸಹಾಯಕನಾಗಿದ್ದ ಚಂದ್ರಪ್ಪ ಒಳಗೆ ಬಂದ. ಕಾಲ ಬಳಿ ಕೈಮುಗಿದು, ವೈಜಯಂತಿಯ ಹತ್ತಿರ ಮಂಡಿಯೂರಿದ. ಅವನ ಕಣ್ಣುಗಳು ಊದಿದ್ದವು.

"ಅಕ್ಕಾ, ಕೇಳಬಾರದ ಹೊತ್ತಲ್ಲಿ ಕೇಳ್ತಿದೀನಿ. ಅದು ಇದೆಯಲ್ವಾ?"

"ಫ್ರೀಜರಲ್ಲಿದೆ."

"ನಾಳೆ ಹತ್ತು ಗಂಟೆಗೆ ನಾನೇ ಒಯ್ತೀನಿ. ಸೀಲ್ ಮೇಲೆ ನನ್ನ ಸಹಿನೂ ಇದೆಯಲ್ಲ. ಸರ್ ಸುಳ್ಳುಗಾರ ಅನ್ನಿಸ್ಕೊಂಡು ಹೋಗಬಾರದು ಅಕ್ಕಾ."

ಅವಳು ತಲೆಯಾಡಿಸಿದಳು. ಆ ಬೆಳಿಗ್ಗೆ ಜನ ಆಡಿದ ಮಾತುಗಳಲ್ಲಿ ಅವಳಿಗೆ ಪೂರ್ತಿ ಕೇಳಿಸಿದ್ದು ಅದೊಂದೇ.

*

ಜನವರಿಯಲ್ಲಿ ಆ ಪ್ರಯೋಗಾಲಯಕ್ಕೆ ಬಟಾಣಿಯ ಮಾದರಿಯೊಂದು ಬಂದಿತ್ತು. ಕೂಸುಗಳ ಆಹಾರ ತಯಾರಿಸುವ ಕಂಪನಿ ಕಳಿಸಿದ್ದು. ಮಾದರಿಯನ್ನು ಮೂರು ಪಾಲು ಮಾಡುವುದು ಅಲ್ಲಿಯ ಕ್ರಮ. ಒಂದನ್ನು ಅರೆದು ಪರೀಕ್ಷಿಸುತ್ತಾರೆ. ಮುಂದೆ ತಕರಾರು ಬಂದರೆ ಇರಲಿ ಎಂದು ಎರಡನ್ನು ಸೀಲು ಮಾಡಿ ಫ್ರೀಜರಿನಲ್ಲಿಡುತ್ತಾರೆ. ತರಕಾರಿಗೆ ಹೊಡೆಯಲೇಬಾರದ ಕೀಟನಾಶಕವೊಂದು ದಕ್ಷಿಣಾಮೂರ್ತಿಗೆ ಅದರಲ್ಲಿ ಸಿಕ್ಕಿತು. ಮೂರು ಸಲ ಪರೀಕ್ಷಿಸಿ ವರದಿ ಬರೆದ. ಹೊರಗೆ ಹೋದ ವರದಿಯಲ್ಲಿ 'ಪತ್ತೆಯಾಗಿಲ್ಲ' ಎಂದಿತ್ತು.

ಅವನು ಕೇಳಿದ. ಯಂತ್ರವನ್ನು ಸರಿಯಾಗಿ ತೊಳೆಯದೆ ಹಳೆಯ ಕೊಳೆಯನ್ನೇ ವಿಷ ಎಂದು ಬರೆದಿದ್ದೀಯ ಎಂದರು ಮೇಲಿನವರು. ಎರಡನೆಯ ಪಾಲು ಕರೆಂಟು ಹೋಗಿ ಹಾಳಾಯಿತೆಂದು ಎಸೆದರು. ಮಾರನೆಯ ದಿನ ಅವನು ಮೂರನೆಯದನ್ನು ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ಮನೆಗೆ ತಂದ.

"ಫ್ರೀಜರಲ್ಲಿ ಜಾಗ ಮಾಡು."

"ಏನ್ರೀ ಅದು?"

"ಬಟಾಣಿ."

"ನಿನ್ನೆ ತಾನೇ ಐದು ಕೆಜಿ ಸುಲಿದು ತುಂಬಿದೀನಿ, ಉಗುರೆಲ್ಲ ಹಸಿರಾಗಿದೆ ನೋಡಿ. ಚಳಿಗಾಲದಲ್ಲಿ ದಿಲ್ಲಿಯವರೆಲ್ಲ ಬಟಾಣಿ ಕೂಡಿಡ್ತಾರೆ, ಸರಿ. ಆಫೀಸಿಂದಲೂ ಹೊತ್ಕೊಂಡು ಬರ್ತಾರಾ?"

ಅವನು ನಕ್ಕ. ಆಮೇಲೆ ಫಾಯಿಲ್ ಸುತ್ತಿದ ಪೊಟ್ಟಣವನ್ನು ಪಾಲಿಥೀನ್ ಚೀಲದ ಸಮೇತ ಎತ್ತಿ ತೋರಿಸಿದ. ಚೀಲದ ಬಾಯಿಗೆ ಅಂಟಿಸಿದ ಚೀಟಿಯ ಮೇಲೆ ಒಂದು ಸಂಖ್ಯೆ, ತಾರೀಖು, ಎರಡು ಸಹಿ.

"ಇದನ್ನ ಮುಟ್ಬೇಡ. ಸೀಲ್ ಒಡೆದ್ರೆ ಇದು ಬರೀ ಬಟಾಣಿ."

"ಯಾರಾದ್ರೂ ತಿಂದ್ಬಿಟ್ರೆ?"

"ಒಂದು ಹೊತ್ತು ತಿಂದ್ರೆ ನನಗೂ ನಿನಗೂ ಏನೂ ಆಗಲ್ಲ. ದಿನಾ ಇದನ್ನೇ ತಿನ್ನೋ ಕೂಸಿಗೆ..."

ಮಗಳು ಗಾನವಿ ಮೇಜಿನ ಹತ್ತಿರ ಕುಳಿತು ಬಣ್ಣ ಹಚ್ಚುತ್ತಿದ್ದಳು. ಅವನು ಮಾತು ನಿಲ್ಲಿಸಿದ.

ಮಾರ್ಚಿನಲ್ಲಿ ಅವನನ್ನು ಅಮಾನತು ಮಾಡಿದರು. ಏಪ್ರಿಲಿನಲ್ಲಿ ಕರೆಂಟು ಹೋದಾಗಲೆಲ್ಲ ಅವನು ಫ್ರಿಜ್ಜಿಗೆ ಕಂಬಳಿ ಹೊದಿಸಿ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ, ಗಾನವಿ ನೀರಿಗೂ ಬಾಗಿಲು ತೆಗೆಯದಂತೆ. ಮನೆಯ ಬಟಾಣಿ ಅಷ್ಟರಲ್ಲಿ ಮುಗಿದಿತ್ತು. ಶುಕ್ರವಾರ, ಅಮಾನತಿನ ವಿಚಾರಣೆ ನಡೆಸುತ್ತಿದ್ದವರ ಪತ್ರ ಬಂತು: ಸೀಲು ಭದ್ರವಾಗಿದ್ದರೆ ಬೇರೆ ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಒಪ್ಪಿದ್ದೇವೆ, ಸೋಮವಾರ ಹತ್ತು ಗಂಟೆಗೆ ತರುವುದು. ಶನಿವಾರ ಅವನು ಬರಿಗೈಯಲ್ಲಿ ಅಲ್ಲಿಯವರೆಗೆ ಹೋಗಿ ಬಂದ. ದಾರಿ ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಯಬೇಕಿತ್ತು. ಐಸ್ ಅಷ್ಟು ಹೊತ್ತು ತಾಳಬೇಕಲ್ಲ.

ವಾಪಸು ಬರುವಾಗಲೇ ಮೆಟ್ಟಿಲ ಮೇಲೆ ಕುಳಿತದ್ದು.

*

ಹನುಮಂತ ಬಂದ. ಅಣ್ಣನ ಮುಖ ನೋಡಿ, "ಎಷ್ಟು ತಣ್ಣಗಿದಾನೆ ಅತ್ತಿಗೆ," ಎಂದ.

"ಹೊರಡೋಣ, ಬಿಸಿಲೇರ್ತಿದೆ," ಎಂದರು ಮರಿಯಪ್ಪ.

"ನಿಮ್ಮನೇಲಿ ಇವತ್ತು ಒಲೆ ಹಚ್ಚೋ ಹಾಗಿಲ್ಲ," ಅಹಲ್ಯಾ ವೈಜಯಂತಿಯ ಭುಜ ಮುಟ್ಟಿದರು. "ಊಟ ನಮ್ಮನೇಲಿ. ನೀನು ಅದರ ಯೋಚ್ನೆ ಮಾಡ್ಬೇಡಮ್ಮ."

ನಾಲ್ವರು ಎತ್ತಿದರು. ಅವನ ಬೆನ್ನಿನ ಬಟ್ಟೆ ಒದ್ದೆಯಾಗಿ ಅಂಟಿಕೊಂಡಿತ್ತು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಫ್ರೀಜರಿನ ಬಾಗಿಲು ತೆರೆದ ಸದ್ದು ಕೇಳಿತು. ನಾಲ್ಕು ತಿಂಗಳಿಂದ ಆ ಸದ್ದಿಗೆ ವೈಜಯಂತಿ ಎಲ್ಲಿದ್ದರೂ ತಿರುಗುತ್ತಿದ್ದಳು. ಈಗ ತಿರುಗಲಿಲ್ಲ. ಯಾರೋ ಐಸ್ ತೆಗೆಯುತ್ತಿರಬೇಕು ಅಂದುಕೊಂಡಳು. ಬಾಗಿಲಾಚೆ ಲಿಫ್ಟು ಸಣ್ಣದಾಯಿತು. ಮೆಟ್ಟಿಲುಗಳಿಂದಲೇ ಕೆಳಗಿಳಿಸಿದರು.

*

ಗಂಡಸರು ಶ್ಮಶಾನದಿಂದ ಬಂದು ಸ್ನಾನ ಮುಗಿಸುವಾಗ ಮೂರೂವರೆ. ಎದುರು ಫ್ಲ್ಯಾಟಿನ ನೆಲದ ಮೇಲೆ ಸಾಲಾಗಿ ಕುಳಿತರು. ವೈಜಯಂತಿಯನ್ನು ಕೈಹಿಡಿದು ಕರೆತಂದು ಗಾನವಿಯ ಪಕ್ಕ ಕೂರಿಸಿದರು.

"ಅಜ್ಜೀ, ಥೋಡಾ ಔರ್ ಮಟರ್," ಎಂದು ಇನ್ನಷ್ಟು ಬಟಾಣಿ ಕೇಳಿದಳು ಗಾನವಿ. ಅನ್ನದಿಂದ ಬಟಾಣಿಗಳನ್ನು ಒಂದೊಂದೇ ಆರಿಸಿ ತಿನ್ನುತ್ತಿದ್ದಳು.

ವೈಜಯಂತಿ ಮಗಳ ತಟ್ಟೆ ನೋಡಿದಳು.

"ಈರುಳ್ಳಿ ಬೆಳ್ಳುಳ್ಳಿ ಏನೂ ಹಾಕಿಲ್ಲ. ಬರೀ ಜೀರಿಗೆ," ಅಹಲ್ಯಾ ಬಡಿಸುತ್ತಲೇ ಹೇಳಿದರು. "ಇಪ್ಪತ್ತು ಜನ ಆಗ್ಬಿಟ್ರು, ಮನೇಲಿ ತರಕಾರಿ ಇಲ್ಲ. ನಿನ್ನ ಫ್ರೀಜರ್ ನೋಡ್ದೆ. ನಮ್ಮ ಬಟಾಣಿ ಹೋಳಿ ಹಬ್ಬಕ್ಕೇ ಮುಗೀತು. ನೀನು ನೋಡು, ಜನವರಿದು, ತಾರೀಖು ಬೇರೆ ಬರೆದು ಅಂಟಿಸಿ ಇಟ್ಟಿದೀಯ. ಅಷ್ಟು ಅಚ್ಚುಕಟ್ಟು ನನಗೆ ಬರಲ್ಲಮ್ಮ."

ವೈಜಯಂತಿ ಬಾಯಿ ತೆರೆದಳು. ಒಂದು ಹೊತ್ತು ತಿಂದ್ರೆ ಏನೂ ಆಗಲ್ಲ, ಅವನೇ ಅಂದಿದ್ದ. ಹನುಮಂತ ನಿನ್ನೆಯಿಂದ ಏನೂ ತಿಂದಿರಲಿಲ್ಲ, ತಲೆ ತಗ್ಗಿಸಿ ತಿನ್ನುತ್ತಿದ್ದ. ಅಹಲ್ಯಾರ ಕೈ ಒಲೆಯ ಕಾವಿಗೆ ಕೆಂಪಾಗಿತ್ತು. ಅವಳು ಬಾಯಿ ಮುಚ್ಚಿದಳು. ಮಗಳ ತಟ್ಟೆಯನ್ನಷ್ಟೇ ತನ್ನ ಕಡೆಗೆ ಎಳೆದುಕೊಂಡಳು.

"ಮಮ್ಮಾ! ವೋ ಮೇರಾ ಹೈ!"

"ನಿನಗೆ ಮೊಸರನ್ನ ಕೊಡ್ತೀನಿ ಬಾ."

ಎದುರು ಸಾಲಿನಿಂದ ಚಂದ್ರಪ್ಪ ಕೈ ತೊಳೆಯಲು ಎದ್ದ. ಅವನ ತಟ್ಟೆ ಖಾಲಿಯಾಗಿತ್ತು. ಹಾದು ಹೋಗುವಾಗ ಬಾಗಿ ಮೆಲ್ಲಗೆ ಹೇಳಿದ.

"ನಾನು ಹೊರಡ್ತೀನಿ ಅಕ್ಕಾ. ಪೊಟ್ಟಣ ಈಗಲೇ ಕೊಟ್ಬಿಡ್ತೀರಾ? ಐಸ್ ಬಾಕ್ಸ್ ತಂದಿದೀನಿ."

ಅವಳು ಅವನ ಮುಖ ನೋಡಲಿಲ್ಲ. ಅವನ ಎಂಜಲು ಬೆರಳುಗಳನ್ನು ನೋಡಿದಳು, ಮತ್ತೆ ಮಗಳ ತಟ್ಟೆಯನ್ನು. ಅವನೂ ನೋಡಿದ. ಕೈ ಹಾಗೇ ನಿಂತಿತು.

"ಏನಪ್ಪಾ, ಸಾಕಾಯ್ತಾ?" ಅಹಲ್ಯಾ ಅಡುಗೆಮನೆಯಿಂದ ಕೇಳಿದರು. "ವೈಜಯಂತಿ, ನಿನ್ನ ಕವರು ಚೆನ್ನಾಗಿತ್ತು, ದಪ್ಪಂದು. ಎಸೀಲಿಲ್ಲ, ತೊಳೆದು ಒಣಗ್ಹಾಕಿದೀನಿ. ಹೋಗ್ವಾಗ ತಗೊಂಡ್ಹೋಗು."

ಬಾಲ್ಕನಿಯ ತಂತಿಗೆ ಕ್ಲಿಪ್ಪಿನಿಂದ ಸಿಕ್ಕಿಸಿದ ಪಾಲಿಥೀನ್ ಚೀಲ ತೂಗುತ್ತಿತ್ತು. ಚೀಟಿಯ ಅರ್ಧ ಅದಕ್ಕೇ ಅಂಟಿಕೊಂಡಿತ್ತು. ಶಾಯಿ ನೀಲಿಯಾಗಿ ಹರಡಿ ಎರಡು ಸಹಿಗಳಲ್ಲಿ ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ. ಬಿಸಿಗಾಳಿಗೆ ಚೀಲ ಉಬ್ಬುತ್ತಿತ್ತು, ಕುಗ್ಗುತ್ತಿತ್ತು, ಮತ್ತೆ ಉಬ್ಬುತ್ತಿತ್ತು.