ಅಪ್ಪ ಏನಂದ್ರು?

ಸೋಫಾ ರಿಪೇರಿಯವನು ಅವತ್ತು ಬೆಳಿಗ್ಗೆ ಅಂಗಡಿಯ ಶಟರ್ ಅರ್ಧಕ್ಕೇ ಎತ್ತಿ ಒಳಗೆ ಕೂತುಬಿಟ್ಟ. ಗಿರಾಕಿ ಬಂದರೆ ಬರಲಿ, ಇಲ್ಲವಾದರೆ ಹಾಳಾಗಿ ಹೋಗಲಿ. ಅಕ್ಕನ ಹೊಸ ಆಲ್ಬಂ ಬಂದಿತ್ತು. ಅಕ್ಕ ಅಂದರೆ ಅವನ ಒಡಹುಟ್ಟಿದವಳೇನಲ್ಲ. ಸ್ಟೇಜ್ ಮೇಲೆ ಕುಣಿದು ಹಾಡುವ ಪಾಪ್ ಗಾಯಕಿ. ಅಭಿಮಾನಿಗಳೆಲ್ಲ ಅವಳನ್ನು ಕರೆಯುವುದೇ ಹಾಗೆ. ಇವನು ಅಭಿಮಾನಿಯೋ? ಅಯ್ಯೋ, ಎಲ್ಲಿಯ ಮಾತು! ಅಭಿಮಾನಿ ಇವನ ಮಗಳು. ಆ ಮಗಳು ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು.

ಹೋದ ದಿನವೂ ಅವಳು ಇದೇ ಅಂಗಡಿಯ ಮೂಲೆಯಲ್ಲಿ, ಕೈ ಮುರಿದ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಅಕ್ಕನ ಹಾಡು ಜೋರಾಗಿ ಹಾಕಿದ್ದಳು. ತುಟಿಯಲ್ಲಿ ಮೊಳೆ ಕಚ್ಚಿಕೊಂಡು ಸೀಟು ಬಡಿಯುತ್ತಿದ್ದ ಅಪ್ಪ, ಮೊಳೆಗಳನ್ನು ಅಂಗೈಗೆ ಉಗಿದು, "ಬಾಗಿಲ ಸಂದಿಗೆ ಬೆಕ್ಕಿನ ಬಾಲ ಸಿಕ್ಕಿಹಾಕಿಕೊಂಡಿದೆ, ಯಾರಾದ್ರೂ ಬಿಡಿಸ್ರಪ್ಪಾ" ಅಂದ. "ನಿಂಗೇನಪ್ಪಾ ಗೊತ್ತು!" ಅಂತ ಮಗಳು ಬ್ಯಾಗು ಹೆಗಲಿಗೇರಿಸಿ ದಡದಡ ಹೊರಟೇಹೋದಳು. ಮುಂದಿನ ತಿರುವಿನಲ್ಲಿ ಲಾರಿ. ಅಷ್ಟೇ, ಮುಗಿದೇಹೋಯಿತು.

ನನ್ನ ಮಾತಿಗೆ ನೊಂದುಕೊಂಡು ಹೋದಳು, ಅದಕ್ಕೇ ರಸ್ತೆ ನೋಡಲಿಲ್ಲ ಅಂತ ಅವನ ಎದೆಯಲ್ಲಿ ಕೂತುಬಿಟ್ಟಿತ್ತು. ಹೆಂಡತಿಯ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಆಸ್ಪತ್ರೆಯವರು ಕೊಟ್ಟ ಅವಳ ಫೋನನ್ನು ಚಾರ್ಜಿಗೆ ಹಾಕಿದ ದಿನ ಅಕ್ಕನ ಅಭಿಮಾನಿಗಳ ಗ್ರೂಪು ತೆರೆದುಕೊಂಡಿತು. ಮುಖ ನೋಡಿದವರಲ್ಲ, ಊರು ಕಂಡವರಲ್ಲ. ಎಲ್ಲರಿಗೂ ಒಂದೊಂದು ಅಡ್ಡಹೆಸರು. ಮಗಳು ಅಲ್ಲಿ 'ಗುಂಡುಸೂಜಿ'. ಬುಡ್ಡಿ ಕನ್ನಡಕ ಅನ್ನುವ ಹುಡುಗಿ ಕೇಳಿದ್ದಳು: "ಗುಂಡುಸೂಜೀ, ಎಲ್ಲೇ ಸತ್ತೆ?"

ನಿಜ ಹೇಳಬೇಕಿತ್ತು. ಹೇಳಲು ಕೂತವನ ಬೆರಳು "ಇದ್ದೀನಿ" ಅಂತ ಬರೆದುಬಿಟ್ಟಿತು. "ಉಫ್! ಜೀವ ಬಂತು" ಅಂದಳು ಬುಡ್ಡಿ ಕನ್ನಡಕ. ಅಲ್ಲಿಂದ ಶುರುವಾಯಿತು. ಅವರೇನಾದರೂ ಅಂದರೆ ಇವನೊಂದು 'ಹೂಂ', ಒಂದು 'ಹೌದು', ಒಂದು ನಗುವ ಮುಖ. ಮೇಲಕ್ಕೆ ಸರಿಸಿ ಮಗಳು ಬರೆದದ್ದನ್ನು ಓದುವ ಧೈರ್ಯ ಮಾತ್ರ ಒಂದು ದಿನವೂ ಬರಲಿಲ್ಲ.

ಹೆಂಡತಿಗೆ ಗೊತ್ತಾದಾಗ ಉರಿದುಬಿದ್ದಳು. "ಇದೆಂಥ ಕರ್ಮ ರೀ? ಮಗು ಮಣ್ಣಾಗಿದೆ, ಅದರ ಹೆಸರಲ್ಲಿ ಕೂತು ಹಲ್ಲು ಕಿಸೀತೀರಲ್ಲ, ಮನಸ್ಸಾದ್ರೂ ಹೇಗೆ ಬರುತ್ತೆ ನಿಮಗೆ?"

"ಅಲ್ಲಿ ಯಾರಿಗೂ ಗೊತ್ತಿಲ್ಲ ಕಣೇ. ಅಲ್ಲಿ ಇನ್ನೂ ಇದ್ದಾಳೆ."

ಅವಳು ಮಾತು ಬಿಟ್ಟಳು. ಆದರೂ ಕೆಲವು ಸಂಜೆ ಅಡುಗೆಮನೆಯಿಂದಲೇ, "ಏನಂತಾರಂತೆ ಅವರು?" ಅಂತ ಸಿಡುಕುತ್ತಲೇ ಕೇಳುತ್ತಿದ್ದಳು.

ಈಗ ಆಲ್ಬಂ ಬಂದಿದೆ, ಬರೀ ಹೂಂಗುಟ್ಟಿದರೆ ನಡೆಯುವುದಿಲ್ಲ. "ಗುಂಡುಸೂಜಿ ಮೊದಲು ಬರೀಬೇಕು. ಅಲ್ಲೀವರೆಗೂ ಯಾರೂ ಬಾಯಿ ಬಿಡಬೇಡಿ" ಅಂತ ಗ್ರೂಪಿನ ಯಜಮಾನಿಕೆ ನಡೆಸುವ ಬುಡ್ಡಿ ಕನ್ನಡಕ ಅಪ್ಪಣೆ ಹೊರಡಿಸಿದ್ದಳು.

ಅವನು ಹಾಡುಗಳನ್ನು ಒಂದೂ ಬಿಡದೆ ಕೇಳಿದ. ಕೇಳುತ್ತಾ ಕೇಳುತ್ತಾ, ಅಲೆಲೆ, ಪರವಾಗಿಲ್ಲವೇ ಅನ್ನಿಸಿತು. ಮೊದಲನೆಯದರಲ್ಲಿ ಡ್ರಮ್ಮು ಬಿಟ್ಟರೆ ಬೇರೇನಿಲ್ಲ, ಅದರ ಮೇಲೆ ಅಕ್ಕನ ಬರಿಗೊರಳು. ನಾಲ್ಕನೆಯದರಲ್ಲಿ ಮನೆ ಖಾಲಿ ಮಾಡುವಾಗ ಗೋಡೆಯ ಮೊಳೆಗಳನ್ನು ಕೀಳುವ ಮಾತು ಬರುತ್ತದೆ. ಅಲ್ಲಿ ಅವಳ ದನಿ ಒಡೆಯಿತು, ಇವನ ಕಣ್ಣೂ ತುಂಬಿತು. ಇಂಥದ್ದನ್ನೇ ಅಲ್ಲವೇ ನನ್ನ ಕೂಸು ಕಿವಿಗೆ ಹಾಕಿಕೊಂಡು ಓಡಾಡುತ್ತಿದ್ದುದು! ಆರನೆಯದು ಮಾತ್ರ ದರಿದ್ರ. ಮೇಲೆ ಮಿರಿಮಿರಿ ರೆಕ್ಸಿನ್, ಒಳಗೆ ಕೊಳೆತ ಹತ್ತಿ. ಸೀಟಿನ ಮೇಲೆ ಕೈಯೂರಿದರೆ ಸ್ಪ್ರಿಂಗ್ ಇದೆಯೋ ಇಲ್ಲವೋ ಹೇಳುವವನಿಗೆ ಅಷ್ಟು ತಿಳಿಯದೇ?

ಆದರೆ ಬರೆಯಲಿಲ್ಲ. ಇನ್ನು ಅಕ್ಕನ ಬಗ್ಗೆ ಒಂದು ಕೆಟ್ಟ ಮಾತು ಆಡಿದರೆ ನನ್ನ ನಾಲಿಗೆ ಬಿದ್ದುಹೋಗಲಿ ಅಂತ ಅವನು ಮಗಳ ಹೆಣದ ಮುಂದೆ ಅಂದುಕೊಂಡಿದ್ದ. ಹಾಡು ಹಾಡನ್ನೂ ಹೊಗಳಿದ. ಆರನೆಯದನ್ನು ಎಲ್ಲಕ್ಕಿಂತ ಹೆಚ್ಚು ಹೊಗಳಿದ. ಕೊನೆಗೆ, ಮಗಳಿಗೆ ಹೇಳಲಾಗದೆ ಉಳಿದದ್ದನ್ನೂ ಸೇರಿಸಿದ: "ನಮ್ಮಪ್ಪನಿಗೂ ಅಕ್ಕನ ಹಾಡು ತುಂಬ ಹಿಡಿಸ್ತು."

ಬುಡ್ಡಿ ಕನ್ನಡಕ ಬರೆದಳು: "ಇದು ಗುಂಡುಸೂಜಿ ಅಲ್ಲ."

ಹಿಂದೆಯೇ ಅವಳದೇ ಇನ್ನೊಂದು ಬಂತು:

"ಅವಳಪ್ಪನಿಗೆ ಅಕ್ಕ ಹಿಡಿಸೋದಾ? ಸಾಧ್ಯವೇ ಇಲ್ಲ! ಪ್ರತಿ ಆಲ್ಬಮ್ಮಿಗೂ ನಾವು ಕಾಯ್ತಿದ್ದದ್ದೇ 'ಅಪ್ಪ ಏನಂದ್ರು' ಅಂತ. ಅವರ ಬೈಗುಳ ಓದಿ ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಿದ್ವಿ. ನಮ್ಮಪ್ಪನ ಥರ ಬೈಯೋಕೆ ಯಾರಿಗೂ ಬರಲ್ಲ ಅಂತ ಎಷ್ಟು ಜಂಬ ಅವಳಿಗೆ!"

ಇನ್ನೊಬ್ಬ ಬರೆದ: "ಅವಳು ಸರಿಯಾಗಿ ಬರೆದ ಕೊನೇ ಮೆಸೇಜ್ ನನಗೆ ಬಾಯಿಪಾಠ. 'ಅಪ್ಪ ಇವತ್ತು ಬೆಕ್ಕಿನ ಬಾಲ ಬಿಡಿಸಿ ಅಂದ್ರು ಕಣ್ರೋ. ಎದುರಿಗೆ ನಗಬಾರದು ಅಂತ ಹೊರಗೆ ಓಡಿಬಂದೆ. ರಸ್ತೇಲಿ ಒಬ್ಬಳೇ ನಗ್ತಾ ಇದೀನಿ.' ಆಮೇಲಿಂದ ಬರೀ ಹೂಂ, ಹೌದು."

ಓಡಿಬಂದೆ. ನಗ್ತಾ ಇದೀನಿ. ಅವನು ಮತ್ತೆ ಮತ್ತೆ ಓದಿದ. ನೊಂದುಕೊಂಡು ಹೋಗಿರಲಿಲ್ಲ ನನ್ನವ್ವ! ಆದರೆ ಆ ನಗು, ಆ ಫೋನು, ಆ ರಸ್ತೆ. ಎದೆಯ ಕಲ್ಲು ಸರಿದ ಜಾಗದಲ್ಲೇ ಇನ್ನೊಂದು ಬಂದು ಕೂತಿತು.

"ಯಾರೋ ಅವಳ ಫೋನ್ ಹೊಡೆದು ನಮ್ಮನ್ನ ಆಟ ಆಡಿಸ್ತಿದ್ದಾರೆ. ಥೂ! ತೆಗೀತೀನಿ" ಅಂದಳು ಬುಡ್ಡಿ ಕನ್ನಡಕ.

ತಡಿ ತಾಯಿ, ತಡಿ! ಅವನು ಗಡಿಬಿಡಿಯಲ್ಲಿ ಬರೆಯತೊಡಗಿದ: "ಅಪ್ಪ ಅಂದ್ರು, ಆರನೇ ಹಾಡು ಕೊಳೆತ ಹತ್ತಿ ತುಂಬಿದ ಸೋಫಾ. ಕೂತರೆ ತಿಗಣೆ ಕಚ್ಚುತ್ತೆ." ಕಳಿಸಲು ಒತ್ತಿದ. ಹೋಗಲಿಲ್ಲ. ನೀವು ಈ ಗ್ರೂಪಿನಲ್ಲಿಲ್ಲ ಅಂತ ಕೆಳಗೆ ಸಣ್ಣಕ್ಷರದಲ್ಲಿ ಬಂದಿತ್ತು.

ಊಟದ ಡಬ್ಬಿ ಹಿಡಿದು ಶಟರಿನಡಿ ಬಗ್ಗಿ ಒಳಬಂದ ಹೆಂಡತಿ ಅವನ ಮುಖ ನೋಡಿ ನಿಂತಳು. "ಏನಾಯ್ತ್ರೀ?"

"ಗ್ರೂಪಿಂದ ತೆಗೆದುಹಾಕಿದ್ರು ಕಣೇ. ಹೋದಳು."

ಇಷ್ಟು ದಿನ ಅವನನ್ನು ಬೈದುಕೊಂಡೇ ಬಂದವಳು ಡಬ್ಬಿ ಕೆಳಗಿಟ್ಟು, ಕೈ ಮುರಿದ ಕುರ್ಚಿಯಲ್ಲಿ ಕುಸಿದಳು.

"ಅಲ್ಲಿಂದಲೂನಾ?" ಅಂದಳು.