ಹೊಳೆ ದಾಟಿ ಬಂದ ಹೆಸರಿಲ್ಲದ ಮೂಟೆ

ಸೆರಾಪಿಯಾಳ ಕೋಳಿಗಳು ಒಂದರ ಪುಕ್ಕ ಇನ್ನೊಂದು ಕಿತ್ತು ತಿನ್ನತೊಡಗಿದ್ದವು. ಬೆನ್ನು ಬೋಳಾಗಿ ರಕ್ತ ಒಸರುತ್ತಿತ್ತು, ಮೊಟ್ಟೆ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಪರಗ್ವೆಯ ಪಿಲಾರ್ ಊರಿನಲ್ಲಿ ಕೋಳಿ ಸಾಕುವವರಿಗೆಲ್ಲ ಈ ಕಾಟ ಗೊತ್ತು. ಆದರೆ ಈಗ ಈಸ್ಟರ್ ಹಬ್ಬ ಹತ್ತಿರ ಬಂದಿತ್ತು. ಆ ವಾರ ಮೊಟ್ಟೆ, ಚೀಸು ಕಲಸಿ ಚಿಪಾ ರೊಟ್ಟಿ ಸುಡದ ಮನೆಯೇ ಇಲ್ಲ. ಸೆರಾಪಿಯಾಳ ಮಹಿಳಾ ಸಂಘ ಕಾದು ಕುಳಿತಿದ್ದುದೇ ಆ ವಾರದ ವ್ಯಾಪಾರಕ್ಕೆ.

ಮೇವಿನಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಸಾಲದು, ಅದನ್ನು ಹೊರದೇಶದಿಂದ ತರಿಸಬೇಕು ಎಂದು ಪಶುವೈದ್ಯರು ಹೇಳಿದ್ದರು. ಅಷ್ಟು ಕೇಳಿದ್ದೇ ತಡ, ಗಂಡ ಎಲಾದಿಯೊ ಒಂದು ಮೂಟೆ ತಂದು ಅಂಗಳದಲ್ಲಿ ಇಳಿಸಿದ. ಹೊಳೆಯ ಆಚೆ ದಡದ ಅರ್ಜೆಂಟೀನಾದಿಂದ ದೋಣಿಯವನೊಬ್ಬ ಕದ್ದು ತಂದದ್ದು, ಅರ್ಧ ಬೆಲೆಗೆ. ಮೂಟೆಯ ಮೇಲೆ ಒಂದಕ್ಷರವೂ ಇರಲಿಲ್ಲ.

"ಇದು ಅದೇನಾ?" ಎಂದಳು ಸೆರಾಪಿಯಾ.

"ಬೆಳ್ಳಗಿದೆ, ಗಬ್ಬು ನಾತ ಹೊಡೀತದೆ. ಇನ್ನೇನು ಬೇಕು ನಿಂಗೆ?"

ಬೋಳು ಬೆನ್ನಿನ ಕೋಳಿಗಳನ್ನು ನೋಡಿದರೆ ಆಗಲೇ ಮೇವಿಗೆ ಕಲಸಿಬಿಡೋಣ ಅನಿಸಿತು ಅವಳಿಗೆ. ಆದರೂ ಮನಸ್ಸು ತಡೆದು, ಗೆಳತಿ ನಿಮಿಯಾಳನ್ನು ಕರೆಸಿದಳು. ನಿಮಿಯಾ ಬಂದರಿನಲ್ಲಿ ಕಸ್ಟಮ್ಸ್ ಏಜೆಂಟ್. ಬಂದವಳು ಬೇರು ಜಜ್ಜಿ ಹಾಕಿದ ತಣ್ಣನೆಯ ತೆರೆರೆ ಪಾನೀಯ ಹೀರುತ್ತ ಮೂಟೆಯನ್ನು ಒಂದು ಸುತ್ತು ನೋಡಿದಳು.

"ಇದ್ರಲ್ಲಿ ಔಷಧಿ ಎಷ್ಟು, ಸುಣ್ಣ ಎಷ್ಟು, ಯಾರು ಹೇಳ್ತಾರೆ? ಕಮ್ಮಿಯಾದ್ರೆ ಪುಕ್ಕ ಕೀಳ್ತವೆ. ಅತಿಯಾದ್ರೆ ಮೇವು ಬಿಟ್ಟು ಸೊರಗ್ತವೆ."

"ನೀವು ಕಾಗದದಲ್ಲೇ ಹೊಟ್ಟೆ ಹೊರೆಯೋರು, ಹಾಗೇ ಹೇಳ್ತೀರಿ," ಎಂದ ಎಲಾದಿಯೊ. "ಕೋಳಿಗೆ ಓದೋಕೆ ಬರುತ್ತಾ?"

"ಬರಲ್ಲ ಭಾವ, ಅದಕ್ಕೇ ನೀವು ಓದ್ಬೇಕು. ಅಂದ ಹಾಗೆ, ತೆರೆರೆಗೆ ಹಾಕಿದ ಈ ಬೇರು ಯಾರ ಹತ್ರ ತಂದ್ರಿ?"

"ಇನ್ಯಾರ ಹತ್ರ, ಸಂತೆಯ ತೊಮಾಸಾ ಹತ್ರ."

"ದಾರೀಲಿ ಅಗ್ಗಕ್ಕೆ ಮಾರೋರು ಇರ್ಲಿಲ್ವಾ?"

"ಗುರುತಿಲ್ಲದವರ ಬೇರು ಕುಡಿದು ಹೊಟ್ಟೆ ಕೆಡಿಸಿಕೊಳ್ಳಲಾ?" ಎಂದವನೇ ಮೂಟೆಯತ್ತ ನೋಡಿದ.

ಸೆರಾಪಿಯಾ ಬಿಡಲಿಲ್ಲ. "ನಿನ್ನ ಹೊಟ್ಟೆಗಷ್ಟೇ ಮರ್ಯಾದೆನಾ? ಈ ಮೊಟ್ಟೆ ತಿನ್ನೋದು ಊರ ಮಕ್ಕಳು ಕಣಯ್ಯ. ಬೆಳ್ಳಗಿರೋದೆಲ್ಲ ಹಾಲಲ್ಲ."

"ಸರಿ, ನ್ಯಾಯವಾಗೇ ತರ್ಸೋಣ," ಎಂದ ಎಲಾದಿಯೊ. " ಸರಕು ಮೊದಲು ಹೊರಡ್ಲಿ, ಕಾಗದ ಹಿಂದಿಂದ ಬರುತ್ತೆ. ಹಬ್ಬ ನಮಗೆ ಕಾಯುತ್ತಾ?"

"ಎಲ್ಲರೂ ಎಡವೋದೇ ಅಲ್ಲಿ," ಎಂದಳು ನಿಮಿಯಾ. "ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕ್ದಂಗೆ. ಪರವಾನಗಿ ಇಲ್ಲದೆ ಹೊರಟ ಸರಕು ಗಡಿಯಲ್ಲೇ ಬಿದ್ದಿರುತ್ತೆ, ಇಲ್ಲಾ ವಾಪಸ್ ಹೋಗುತ್ತೆ. ಮೊದಲು ನೋಂದಣಿ ಇರೋ ಆಮದುದಾರರನ್ನ ಹಿಡೀರಿ. ಮಾರೋರಿಂದ ಪರೀಕ್ಷಾ ವರದಿ ತರಿಸ್ಕೊಳ್ಳಿ. ಕೋಳಿ ಮೇವಿಗೆ ಅಂತ್ಲೇ ಬರೆಸಿ. ಸುಂಕ ಉಳಿಸೋಕೆ ಗೊಬ್ಬರ ಅಂತ ಬರೆಸಿದ್ರೋ, ಅದೇ ಕುತ್ತಿಗೆಗೆ ಬರುತ್ತೆ. ಪರವಾನಗಿ ಕೈ ಸೇರಿದ ಮೇಲೇ ಲಾರಿ ಹೊರಡ್ಬೇಕು."

"ಅಲ್ಲೀವರೆಗೆ ನನ್ನ ಕೋಳಿಗಳ ಗತಿ?" ಎಂದಳು ಸೆರಾಪಿಯಾ.

"ಎಳ್ಳಿನ ಹಿಂಡಿ ಹಾಕು. ಅದ್ರಲ್ಲೂ ಇದೇ ಆಮ್ಲ ಒಂದಿಷ್ಟು ಇರುತ್ತೆ. ಅಳತೆ ಮಾತ್ರ ಪಶುವೈದ್ಯರನ್ನೇ ಕೇಳು."

ಮಾರನೆಯ ಬೆಳಿಗ್ಗೆ ಸೆರಾಪಿಯಾ ಆ ಮೂಟೆಯನ್ನು ಬಿಚ್ಚದೆ ಕಸ್ಟಮ್ಸ್ ಕಚೇರಿಗೆ ಒಪ್ಪಿಸಿ ಬಂದಳು. ಸಂಘದವರನ್ನು ಕೂರಿಸಿಕೊಂಡು ಪರವಾನಗಿಗೆ ಅರ್ಜಿ ಹಾಕಿಸಿದಳು. ಹಬ್ಬ ಬಂತು, ಲಾರಿ ಬರಲಿಲ್ಲ. ಹಿಂಡಿಯಿಂದ ಕೋಳಿಗಳು ತಕ್ಕಮಟ್ಟಿಗೆ ಚೇತರಿಸಿಕೊಂಡರೂ ಕೇಳಿದವರಿಗೆಲ್ಲ ಕೊಡುವಷ್ಟು ಮೊಟ್ಟೆ ಇರಲಿಲ್ಲ. ಚಿಪಾ ಮಾರುವ ಹೆಂಗಸರು ಬರಿಗೈಯಲ್ಲಿ ಹೋಗುವಾಗ ಅವಳಿಗೆ ಅಳುವೇ ಬಂತು. ಆದರೆ ಮನಸ್ಸು ಕದಲಲಿಲ್ಲ.

ಪಕ್ಕದ ಊರಿನವರು ಅದೇ ದೋಣಿಯವನ ಪುಡಿ ಹಾಕಿದ್ದರು. ಅವರ ಕೋಳಿಗಳು ಮೇವು ಮುಟ್ಟದೆ ಕುಸಿದವು. ಯಾರನ್ನು ಕೇಳುವುದು? ಮೂಟೆಯ ಮೇಲೆ ವಿಳಾಸವೇ ಇಲ್ಲವಲ್ಲ!

ಹಬ್ಬ ಕಳೆದ ಮೇಲೆ ಲಾರಿ ಬಂತು. ಪ್ರತಿ ಚೀಲದ ಮೇಲೂ ವಸ್ತುವಿನ ಹೆಸರು, ತಯಾರಕರ ಹೆಸರು, ಪ್ರಮಾಣ, ಬ್ಯಾಚ್ ಸಂಖ್ಯೆ ಇದ್ದವು. ಗಡಿಯಲ್ಲಿ ಅಧಿಕಾರಿಗಳು ಮಾದರಿ ತೆಗೆದು, ಕಾಗದದೊಂದಿಗೆ ತಾಳೆ ನೋಡಿ ಬಿಟ್ಟಿದ್ದರು. ದೋಣಿಯವನು ಮತ್ತೆ ಮೂಟೆ ಹೊತ್ತು ಬಂದಾಗ ಬಾಗಿಲಿಗೆ ಅಡ್ಡ ನಿಂತವನು ಎಲಾದಿಯೊನೇ.

"ಪರೀಕ್ಷಾ ವರದಿ ಎಲ್ಲಿ? ಪರವಾನಗಿ ಎಲ್ಲಿ? ಇಲ್ವಾ? ಹಾಗಾದ್ರೆ ನೀನೇ ಕಲಸ್ಕೊಂಡು ತಿನ್ನು, ಹೋಗು!"

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಸಂಘವೂ ಹೊರದೇಶದಿಂದ ಇಂಥ ಸರಕು ತರಿಸುವುದಾದರೆ, ದುಡ್ಡು ಕೊಡುವ ಮೊದಲೇ ನಿಮ್ಮ ಪಶುಸಂಗೋಪನೆ ಕಚೇರಿಯಲ್ಲೂ ಕಸ್ಟಮ್ಸ್ ಕಚೇರಿಯಲ್ಲೂ ವಿಚಾರಿಸಿ. ಯಾವ ಕೆಲಸಕ್ಕೆ ತರುತ್ತೀರೋ ಅದನ್ನೇ ಬರೆಸಿ. ತಡವಾದರೆ ಒಂದು ಹಬ್ಬದ ವ್ಯಾಪಾರ ಹೋಗಬಹುದು, ಹೋಗಲಿ. ಇನ್ನೊಬ್ಬರ ಮಕ್ಕಳ ತಟ್ಟೆ ಸೇರುವುದನ್ನು ಕದ್ದು ತರಬೇಡಿ.