ಕ್ಯಾರಿಯರ್ ಇದ್ದರೆ ಉಜ್ಮಾಳದು

ಉಜ್ಮಾಳ ಹತ್ತಿರ ಸ್ಕೂಟಿ ಇರಲಿಲ್ಲ. ಗೋಕುಲ ರಸ್ತೆಯ ಲ್ಯಾಬಿನ ಮ್ಯಾನೇಜರ್ ಶಶಿಕುಮಾರ ಕೇಳಿದ್ದು ಅದೊಂದನ್ನೇ. ಮನೆಮನೆಗೆ ಹೋಗಿ ರಕ್ತ ತೆಗೆದು ತರುವ ಕೆಲಸಕ್ಕೆ ಸ್ವಂತ ವಾಹನ ಬೇಕಿತ್ತು. ಅವಳ ಡಿಪ್ಲೊಮಾದ ಅಂಕಪಟ್ಟಿಯನ್ನು ಆತ ತಿರುವಿ ನೋಡಲಿಲ್ಲ.

“ಗಾಡಿ ಐತೇನವಾ?”

“ಐತ್ರಿ ಸರ್.”

“ಯಾವುದು?”

“ಸೈಕಲ್ಲರಿ.”

ಶಶಿಕುಮಾರ ಮೇಲೆ ಫ್ಯಾನು ನೋಡಿದ. “ನೀ ತುಳಕೋತ ಬರೂದ್ರಾಗ ರಕ್ತ ಮೊಸರಾಗ್ತೈತಿ.”

“ಐಸ್ ಡಬ್ಬಿ ಇರ್ತೈತಲ್ರಿ. ಟ್ರಾಫಿಕ್ಕಿನ್ಯಾಗ ನಿಮ್ಮ ಬೈಕಿಗಿಂತ ಲಗೂ ಬರ್ತೇನ್ರಿ.”

ಆತ ನಗಲಿಲ್ಲ, ಅವಳನ್ನು ವಾಪಸ್ ಕಳಿಸಲೂ ಇಲ್ಲ. ಒಂದು ತಿಂಗಳು ನೋಡುವುದೆಂದಾಯಿತು. ಆ ತಿಂಗಳಲ್ಲಿ ಒಂದೇ ಒಂದು ಸ್ಯಾಂಪಲ್ ಕೆಟ್ಟರೂ ಮನೆಗೆ. ಕೆಡದಿದ್ದರೆ ಕೆಲಸ ಕಾಯಂ.

ಸೈಕಲ್ಲು ಅವಳ ಅಣ್ಣ ಶಾಹಿದನದು. ಊರು ಬಿಟ್ಟು ಹೋಗುತ್ತಿದ್ದ ಧಾರವಾಡದ ಹುಡುಗನೊಬ್ಬನಿಂದ ಅವನು ಬರೀ ಫ್ರೇಮು ಕೊಂಡು ತಂದಿದ್ದ. ಗೇರಿಲ್ಲದ ರೋಡ್ ಸೈಕಲ್ಲಿನ ಉಕ್ಕಿನ ಫ್ರೇಮು, ಬೂದಿ ಬಣ್ಣ. ಉಳಿದದ್ದನ್ನು ಒಂದೊಂದಾಗಿ ಜೋಡಿಸಿದ. ಜೋಡಿಸಿ ಮುಗಿದ ದಿನ ರಾಯಾಪುರದ ಮನೆಯ ಅಂಗಳದಲ್ಲಿ ಅಪ್ಪ ಗುಲಾಬಸಾಬನಿಗೆ ಅರ್ಧ ತಾಸು ಪಾಠ ಹೇಳಿದ್ದ.

“ನೋಡಬಾ, ಇಲ್ಲೆ ಮಡ್‌ಗಾರ್ಡ್ ಹಚ್ಚಾಕ ತೂತು. ಇಲ್ಲೆ ಕ್ಯಾರಿಯರ್. ದಪ್ಪ ಟೈರ್ ಹಾಕಿದ್ರೂ ಹಿಡೀತೈತಿ. ಹಿಂದಿನ ಗಾಲಿ ಕೂಡೂ ಸಂದು ಉದ್ದ ಐತಿ, ಹಿಂದ ಜಗ್ಗಿದ್ರ ಚೈನ್ ಬಿಗಿ ಆಗ್ತೈತಿ. ಗಾಲಿಗೆ ಎರಡೂ ಕಡೆ ಹಲ್ಲಿನ ಚಕ್ರ. ಈ ಕಡೆ ಹಾಕಿದ್ರ ಫ್ರೀ, ತುಳಿಯೂದು ಬಿಟ್ರೂ ಓಡ್ತೈತಿ. ತಿರುವಿ ಹಾಕಿದ್ರ ಫಿಕ್ಸ್, ಗಾಲಿ ತಿರುಗೂತನಾ ಪೆಡಲ್ಲೂ ತಿರುಗ್ತಾವು.”

“ಅಂದ್ರ ಕಾಲಿಗೆ ಸೂಟಿ ಇಲ್ಲ.”

“ಅದರಾಗ ಮಜಾ ಐತಿ. ಇದೊಂದ್ರಾಗ ಎಲ್ಲಾ ಆಗ್ತೈತಿ ಅಬ್ಬಾ.”

ಈ ಕೊನೆಯ ಮಾತು ಶಾಹಿದನಿಗೇ ತಿರುಗಿ ಬಂತು. ಉಜ್ಮಾಳಿಗೆ ಕೆಲಸ ಸಿಕ್ಕಿ, ಎರಡನೆಯ ಸೈಕಲ್ಲಿನ ಮಾತೆದ್ದಾಗ ಗುಲಾಬಸಾಬ ಸ್ಟೋವಿನ ಬರ್ನರು ತಿಕ್ಕುವುದನ್ನು ನಿಲ್ಲಿಸದೆ ಹೇಳಿದ: “ಇದೊಂದ್ರಾಗ ಎಲ್ಲಾ ಆಗ್ತೈತೆಲ್ಲೊ. ಎರಡನೇದು ಯಾಕ?”

ಹೀಗೆ ಸೈಕಲ್ಲು ಇಬ್ಬರದಾಯಿತು. ಶಾಹಿದನಿಗೆ ರವಿವಾರ ಬೇಕು. ಧಾರವಾಡದವರೆಗೆ ಹೋಗಿ ಬರುವ ಅವನ ಗುಂಪಿನಲ್ಲಿ ಎಲ್ಲರೂ ಫಿಕ್ಸ್ ಹುಡುಗರು. ಫ್ರೀ ಹಾಕಿಕೊಂಡು ಬಂದವನನ್ನು ಅವರು ‘ಹಾಲಿನಾಂವ’ ಎಂದು ಕರೆಯುತ್ತಿದ್ದರು. ಉಳಿದ ದಿನ ಉಜ್ಮಾಳದು. ಅವಳಿಗೆ ಫ್ರೀ ಬೇಕು, ಡಬ್ಬಿ ಇಡಲು ಕ್ಯಾರಿಯರ್ ಬೇಕು. ಕ್ಯಾರಿಯರನ್ನು ಗುಲಾಬಸಾಬನೇ ಸರಳು ಬಗ್ಗಿಸಿ ಮಾಡಿಕೊಟ್ಟ. ಹ್ಯಾಂಡಲ್ಲು ಬಾಗಿದ್ದೋ ನೆಟ್ಟಗಿನದೋ ಎಂದು ಒಂದು ವಾರ ಜಗಳವಾಗಿ, ನೆಟ್ಟಗಿನದು ಉಳಿಯಿತು.

ಪ್ರತಿ ರವಿವಾರ ಸಂಜೆ ಶಾಹಿದ ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗೆ ನಿಲ್ಲಿಸುತ್ತಿದ್ದ. ಮೊದಲು ಗಾಲಿ ಬಿಚ್ಚಿ ತಿರುವಿ ಹಾಕುವುದು, ಚೈನು ಬಿಗಿ ಮಾಡುವುದು. ಆಮೇಲೆ ನೆಟ್ಟಗೆ ನಿಲ್ಲಿಸಿ, ಕೊನೆಗೆ ಕ್ಯಾರಿಯರ್. ಕ್ಯಾರಿಯರ್ ಕೂತಿದೆ ಎಂದರೆ ಎಲ್ಲ ಮುಗಿದಿದೆ ಎಂದು ಅರ್ಥ. ಮನೆಯಲ್ಲಿ ಯಾರೂ ಗಾಲಿ ನೋಡುತ್ತಿರಲಿಲ್ಲ. ಕ್ಯಾರಿಯರ್ ಇದ್ದರೆ ಉಜ್ಮಾಳದು, ಇಲ್ಲದಿದ್ದರೆ ಶಾಹಿದನದು.

ತಿಂಗಳು ಮುಗಿಯಲು ವಾರ ಉಳಿದಿತ್ತು. ಆ ರವಿವಾರ ಪಕ್ಕದ ಮನೆಯ ಹುಸ್ನಾಳ ನಿಶ್ಚಿತಾರ್ಥ. ಶಾಹಿದ ಧಾರವಾಡದಿಂದ ಬಂದು, ಜಳಕ ಮಾಡಿ, ಬಿಳಿ ಅಂಗಿ ಹಾಕಿಕೊಂಡು ಕೂದಲು ಬಾಚುತ್ತಿದ್ದ. ತಾಯಿ ಗುಲ್ಜಾರಬಿ ಬಾಗಿಲಿಗೆ ಬಂದಳು.

“ಅಕ್ಕಿ ಕಮ್ಮಿ ಬಿದ್ದಾವಂತ. ಒಂದು ಚೀಲ ತಂದು ಕೊಡು.”

“ಅಮ್ಮಿ, ಈಗ ಜಳಕಾ ಮಾಡೇನಿ.”

“ಅಕ್ಕಿ ತರಾಕ ಹೇಳಿದೆ, ಗಟಾರ ಬಳ್ಯಾಕಲ್ಲ.”

ಶಾಹಿದ ಕ್ಯಾರಿಯರ್ ತಂದು ನಾಲ್ಕು ಸ್ಕ್ರೂ ಬಿಗಿದ. ಗಾಲಿ ತಿರುವಲಿಲ್ಲ. ಚೈನು ಮುಟ್ಟಿದರೆ ಕೈ ಕಪ್ಪಾಗುತ್ತದೆ, ಅಂಗಿ ಬಿಳಿಯದು. ಅಕ್ಕಿ ತಂದುಕೊಟ್ಟ. ಸಂಜೆ ಗಾಲಿ ತಿರುವಿದರಾಯಿತು ಎಂದುಕೊಂಡ. ಸಂಜೆ ಊಟ ಬಡಿಸುವ ಕೆಲಸ ಹಚ್ಚಿದರು. ತಾನೂ ಹೊಟ್ಟೆ ತುಂಬ ತಿಂದು ಮಲಗಿದ.

ಸೋಮವಾರದ ಮನೆಗಳು ರಾಯಾಪುರದಲ್ಲೇ ಇದ್ದವು. ಉಜ್ಮಾ ಅವನ್ನು ನಡೆದೇ ಮುಗಿಸಿ, ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಲ್ಯಾಬಿಗೆ ಹೋಗುತ್ತಿದ್ದಳು. ಅವತ್ತಿನ ಕೊನೆಯ ಮನೆ ಶೇವಂತೆವ್ವನದು. ಸಕ್ಕರೆ ಕಾಯಿಲೆಯ ಮುದುಕಿ. ರಾತ್ರಿಯಿಂದ ಏನೂ ತಿಂದಿರಲಿಲ್ಲ, ಅದರ ಸಿಟ್ಟು ಮುಖದ ಮೇಲಿತ್ತು.

“ಛಾ ಕುಡಿದಿಲ್ಲಲ್ಲರಿ ಆಯಿ?”

“ಛಾದ ಹೆಸರ ತಗೀಬ್ಯಾಡ. ನಮ್ಮ ಸೊಸಿ ಬೇಕಂತನ ಮುಂದ ಕುಂತು ಕುಡದ್ಲು.” ಸೂಜಿ ಚುಚ್ಚಿದಾಗ ಟ್ಯೂಬು ನೋಡಿದಳು. “ಸಾಕ ಬಿಡವಾ, ಎಷ್ಟ ತುಂಬ್ತಿ? ಸಂತ್ಯಾಗ ಮಾರೂದೈತೇನು?”

“ಆತ್ರಿ, ಇದ ಕಡೀದು.”

“ನಾಳೆ ಮತ್ತ ಬಂದ್ರ ಕದಾ ತಗ್ಯಂಗಿಲ್ಲ ನೋಡು.”

ಉಜ್ಮಾ ಮನೆಗೆ ಬಂದಳು. ಗೋಡೆಗೆ ಒರಗಿದ ಸೈಕಲ್ಲಿಗೆ ಕ್ಯಾರಿಯರ್ ಇತ್ತು. ಡಬ್ಬಿ ಇಟ್ಟು, ಹಳೆಯ ಟ್ಯೂಬಿನ ರಬ್ಬರಿನಿಂದ ಎರಡು ಸುತ್ತು ಬಿಗಿದು ಹತ್ತಿದಳು.

ಮನೆಯಿಂದ ಮುಖ್ಯರಸ್ತೆಗೆ ಹೋಗುವ ಓಣಿ ಇಳಿಜಾರು. ಹಾಲಿನ ಅಂಗಡಿಯ ಮುಂದೆ ಒಂದು ಹಂಪ್ ಇದೆ, ಜನರೇ ಹಾಕಿಕೊಂಡದ್ದು, ಬೇಕಾದ್ದಕ್ಕಿಂತ ಎತ್ತರ. ತಿಂಗಳಿಡೀ ಉಜ್ಮಾ ಅದನ್ನು ಒಂದೇ ರೀತಿ ದಾಟಿದ್ದಳು. ತುಳಿಯುವುದನ್ನು ಬಿಟ್ಟು, ಪೆಡಲುಗಳನ್ನು ಸಮ ಮಾಡಿ, ಸೀಟಿನಿಂದ ಎದ್ದು ನಿಲ್ಲುವುದು. ಹಾಗೆ ಮಾಡಿದರೆ ಡಬ್ಬಿ ಕುಲುಕುವುದಿಲ್ಲ.

ಅವತ್ತೂ ಎದ್ದು ನಿಂತಳು. ಪೆಡಲು ನಿಲ್ಲಲಿಲ್ಲ. ಹಿಂದಿನದು ಕಾಲನ್ನು ಕೆಳಗಿನಿಂದ ಎತ್ತಿ ಒಗೆಯಿತು. ಉಜ್ಮಾ ಹ್ಯಾಂಡಲ್ಲಿನ ಮೇಲಿಂದ ಹಂಪಿನ ಆಚೆ ಬಿದ್ದಳು. ರಬ್ಬರು ಕಳಚಿ ಡಬ್ಬಿ ಬಾಯಿ ತೆರೆಯಿತು. ಟ್ಯೂಬುಗಳು ಇಳಿಜಾರಿನಲ್ಲಿ ಉರುಳಿದವು. ಮೊಸರಿನ ಟೆಂಪೊ ತಿರುವಿನಿಂದ ಬಂದು, ಅವಳನ್ನು ತಪ್ಪಿಸಲು ಬಲಕ್ಕೆ ಎಳೆದು, ಅವುಗಳ ಮೇಲೆ ಹಾದು ನಿಂತಿತು.

“ಅಯ್ಯೋ, ರಕ್ತ! ರಕ್ತ ನೋಡ್ರಿ ಎಷ್ಟು!” ಹಾಲಿನ ಅಂಗಡಿಯವನು ಕೂಗಿದ.

“ನಂದಲ್ರಿ ಕಾಕಾ,” ಅಂದಳು ಉಜ್ಮಾ. ಮೊಣಕಾಲಿನದು ಮಾತ್ರ ಅವಳದು.

ಶಾಹಿದ ಓಡಿಬಂದ. ಮೊದಲು ಅವಳನ್ನು ಎಬ್ಬಿಸಿದ. ಆಮೇಲೆ ಸೈಕಲ್ಲನ್ನು ಎತ್ತಿ, ಒಂದು ಕಣ್ಣು ಮುಚ್ಚಿ ಫ್ರೇಮಿನ ಉದ್ದಕ್ಕೂ ನೋಡಿದ.

“ಏನಾಗೇತಿ?” ಹಿಂದೆಯೇ ಬಂದ ಗುಲಾಬಸಾಬ ಕೇಳಿದ.

“ಏನೂ ಆಗಿಲ್ಲ. ಸ್ಟೀಲ್ ಐತಿ.”

“ಅಕಿಗೇನಾಗೇತಿ ಅಂತ ಕೇಳಿದೆ ನಾ.”

ಶಾಹಿದ ಸೈಕಲ್ಲನ್ನು ಗೋಡೆಗೆ ಒರಗಿಸಿದ. “ನಾ ಗಾಲಿ ತಿರುವಿರಲಿಲ್ಲ,” ಅಂದ.

“ಕ್ಯಾರಿಯರ್ ಹಚ್ಚಿದ್ಯಲ್ಲೊ ಮತ್ತ,” ಅಂದಳು ಉಜ್ಮಾ. ಬಯ್ಯಲಿಲ್ಲ.

ಶಶಿಕುಮಾರ ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡ. ಫ್ರೀ, ಫಿಕ್ಸ್ ಎಂದು ಅವಳು ವಿವರಿಸುವಾಗ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, “ಗಾಡಿ ತಗೊಂಡ ಮ್ಯಾಲ ಬಾರವಾ,” ಅಂದ. ಸಂಜೆ ಹೊಸ ಹುಡುಗನೊಬ್ಬ ಸ್ಕೂಟರಿನಲ್ಲಿ ಬಂದು, ನಾಳೆ ಮತ್ತೆ ಖಾಲಿ ಹೊಟ್ಟೆಯಲ್ಲಿರಬೇಕೆಂದು ಮನೆಮನೆಗೆ ಹೇಳಿಹೋದ. ಶೇವಂತೆವ್ವ ಅವನಿಗೆ ಕದ ತೆಗೆಯಲಿಲ್ಲ.

ಹೋದದ್ದು ಹನ್ನೊಂದು ಟ್ಯೂಬು ರಕ್ತ, ಎರಡು ಡಬ್ಬಿ ಮೂತ್ರ, ಒಂದು ಕೆಲಸ.